ಇನ್‌ಚಾರ್ಜ್ ಸಿಸ್ಟರ್ ನನ್ನ ರಿಜಿಸ್ಟ್ರೇಷನ್ ರದ್ದು ಮಾಡಿಸಬಲ್ಲರೇ?

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವಳು. ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಎಂಟು ತಿಂಗಳ ಹಿಂದೆ ಇನ್‌ಚಾರ್ಜ್ ಸಿಸ್ಟರ್ ಬದಲಾದರು. ಅಂದಿನಿಂದ ಓವರ್ ಕೊಡುವಾಗ (ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವಾಗ) ಎಲ್ಲರೆದುರು ನನ್ನನ್ನು ಹೀಯಾಳಿಸುತ್ತಾರೆ. ಔಷಧದ ಪ್ರಮಾಣದ ಬಗ್ಗೆ ಅನುಮಾನ ಬಂದು ಕೇಳಿದರೆ "ನಿನಗೆ ಸರ್ಟಿಫಿಕೇಟ್ ಕೊಟ್ಟವರು ಯಾರು?" ಎನ್ನುತ್ತಾರೆ. ಉಳಿದವರಿಗೆ ಸರದಿಯಂತೆ ಬರುವ ನೈಟ್ ಡ್ಯೂಟಿ ನನಗೆ ಬೆನ್ನುಬೆನ್ನಿಗೆ ಬರುತ್ತದೆ. ಇನ್‌ಫ್ಯೂಷನ್ (ಪಂಪಿನಿಂದ ರಕ್ತನಾಳಕ್ಕೆ ಹರಿಸುವ ಔಷಧ) ಬದಲಿಸುವಾಗ ಪರೀಕ್ಷಿಸಿ ಎರಡನೆಯ ಸಹಿ ಹಾಕಲು ಕರೆದರೆ, ಇನ್‌ಚಾರ್ಜ್‌ಗೆ ಹೆದರಿ ಯಾರೂ ಬರುವುದಿಲ್ಲ. ಎರಡು ಮೆಮೊ ಕೊಟ್ಟಿದ್ದಾರೆ, ಎರಡನೆಯದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಎಚ್‌ಆರ್‌ಗೆ ಹೇಳಿದರೆ "ಇದು ಹೆಂಗಸರ ಜಗಳ, ನೀವೇ ಹೊಂದಿಕೊಂಡು ಹೋಗಿ" ಎಂದರು. ಈಗ "ನಿನ್ನ ರಿಜಿಸ್ಟ್ರೇಷನ್ ರದ್ದು ಮಾಡಿಸುತ್ತೇನೆ" ಎಂಬ ಬೆದರಿಕೆ. ಅವರು ಹಾಗೆ ಮಾಡಿಸಬಲ್ಲರೇ? ನಾನೇ ನರ್ಸಿಂಗ್ ಕೌನ್ಸಿಲ್‌ಗೆ ದೂರು ಕೊಟ್ಟು ಅವರ ಲೈಸೆನ್ಸ್ ತೆಗೆಸಬಹುದೇ? ದೂರು ಕೊಟ್ಟರೆ ನನ್ನ ಅನುಭವ ಪತ್ರ ಕೆಡುತ್ತದೆಯೇ? ಮುಂದೆ ವಿದೇಶಕ್ಕೆ ಹೋಗುವ ಆಸೆ ಇದೆ.

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಮಾತಿಗೆ ಮೊದಲು ಉತ್ತರಿಸುತ್ತೇನೆ. ಇನ್‌ಚಾರ್ಜ್ ಸಿಸ್ಟರ್‌ಗೆ ನಿಮ್ಮ ರಿಜಿಸ್ಟ್ರೇಷನ್ ರದ್ದು ಮಾಡುವ ಅಧಿಕಾರವಿಲ್ಲ. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೂ ಇಲ್ಲ, ಆಸ್ಪತ್ರೆಯ ಮಾಲೀಕರಿಗೂ ಇಲ್ಲ. ನರ್ಸ್, ಮಿಡ್‌ವೈಫ್ ಮತ್ತು ಹೆಲ್ತ್ ವಿಸಿಟರ್‌ಗಳಿಗೆ ಸಂಬಂಧಿಸಿದ ಕರ್ನಾಟಕದ 1961ರ ಕಾಯ್ದೆಯಡಿ ನಿಮ್ಮ ಹೆಸರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟರಿನಲ್ಲಿದೆ. ಅದನ್ನು ತೆಗೆಯಬೇಕಾದರೆ ಕೌನ್ಸಿಲ್ಲೇ ತೆಗೆಯಬೇಕು. ಅದಕ್ಕೂ ಮುನ್ನ ನಿಮಗೆ ನೋಟಿಸ್ ಬರಬೇಕು, ಆರೋಪ ಏನೆಂದು ತಿಳಿಸಬೇಕು, ನಿಮ್ಮ ಮಾತು ಕೇಳಬೇಕು. ಆಸ್ಪತ್ರೆಯೊಳಗಿನ ಮೆಮೊ ಕೌನ್ಸಿಲ್ ಕಳಿಸಿದ ನೋಟಿಸ್ ಆಗುವುದಿಲ್ಲ. ಮೆಮೊ ಎಂದರೆ ನಿಮ್ಮ ವಿವರಣೆ ಕೇಳುವ ಕಾಗದ, ಅಷ್ಟೇ. ಕೆಲಸಕ್ಕೆ ಹೊಸದಾಗಿ ಸೇರಿದವರ ಮೇಲೆ ಈ ರಿಜಿಸ್ಟ್ರೇಷನ್ ಬೆದರಿಕೆ ಹಾಕುವುದನ್ನು ನಾನು ಬೆಂಗಳೂರಿನ ಅನೇಕ ಆಸ್ಪತ್ರೆಗಳಲ್ಲಿ ಕೇಳಿದ್ದೇನೆ. ಕೌನ್ಸಿಲ್ ಎಂದರೇನು, ಆಸ್ಪತ್ರೆಯ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ನಾವು ಕಾಲೇಜಿನಲ್ಲಿ ಸರಿಯಾಗಿ ಕಲಿಸುತ್ತಿಲ್ಲ. ಅದರಿಂದಲೇ ಈ ಬೆದರಿಕೆ ಇನ್ನೂ ನಡೆಯುತ್ತಿದೆ ಎಂಬುದು ನನ್ನ ದುಃಖ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುವ ಮೊದಲು, ನೀವು ಬರೆದಿರುವುದು ಕಿರುಕುಳವೇ ಎಂದು ನೋಡೋಣ. ಬರುವ ದೂರುಗಳೆಲ್ಲವೂ ಕಿರುಕುಳವಾಗಿರುವುದಿಲ್ಲ. ರೋಗಿಗೆ ಹೃದಯಸ್ತಂಭನವಾಗಿ ಸಿಪಿಆರ್ ನಡೆಯುತ್ತಿರುವಾಗ ಇನ್‌ಚಾರ್ಜ್ "ಬೇಗ ಅಡ್ರಿನಾಲಿನ್ ಕೊಡು" ಎಂದು ಕೂಗಿದರೆ ಅದು ಕಿರುಕುಳವಲ್ಲ. ಕೈ ತೊಳೆಯದೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಮುಟ್ಟಿದ್ದಕ್ಕೆ ಗದರಿದರೆ ಅದೂ ಅಲ್ಲ. ತಪ್ಪು ತೋರಿಸುವುದು, ಚಾರ್ಟ್ ಮತ್ತೆ ಬರೆಸುವುದು, ರಜೆ ಕೊಡಲಾಗದು ಎನ್ನುವುದು ಮೇಲ್ವಿಚಾರಕರ ಕೆಲಸ. ಅದೇ ನಡವಳಿಕೆ ಒಬ್ಬರನ್ನೇ ಆರಿಸಿಕೊಂಡು ಮತ್ತೆ ಮತ್ತೆ ನಡೆದರೆ, ತಪ್ಪು ತಿದ್ದುವುದನ್ನು ಬಿಟ್ಟು ಅವಮಾನಿಸುವುದೇ ಗುರಿಯಾದರೆ, ಡ್ಯೂಟಿ ರೋಸ್ಟರು ಶಿಕ್ಷೆಯ ಕೋಲಾದರೆ, ಸಹೋದ್ಯೋಗಿಗಳು ಸಹಾಯಕ್ಕೆ ಬರಲು ಹೆದರುವಂತಾದರೆ ಅದು ಕಿರುಕುಳ. ನೀವು ಬರೆದಿರುವುದರಲ್ಲಿ ಇವು ನಾಲ್ಕೂ ಕಾಣುತ್ತವೆ. ಇದನ್ನು "ಹೆಂಗಸರ ಜಗಳ" ಎಂದು ತಳ್ಳಿಹಾಕಿದ ಎಚ್‌ಆರ್‌ನವರು ತಮ್ಮ ಕೆಲಸ ಮಾಡಿಲ್ಲ. ಅವರ ಆಸ್ಪತ್ರೆಗೆ ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಚ್‌ನ ಮಾನ್ಯತೆ ಇದ್ದರಂತೂ ಸಿಬ್ಬಂದಿಯ ಕುಂದುಕೊರತೆ ಆಲಿಸಲು ಮತ್ತು ಶಿಸ್ತುಕ್ರಮ ಕೈಗೊಳ್ಳಲು ಲಿಖಿತ ವ್ಯವಸ್ಥೆ ಇರಲೇಬೇಕು. ಆ ಮಾನದಂಡಗಳಲ್ಲಿ ಅದಕ್ಕೆಂದೇ ಜಾಗವಿದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೈಗುಳಕ್ಕಿಂತ ಆ ಎರಡನೆಯ ಸಹಿ. ನೋರಾಡ್ರಿನಾಲಿನ್, ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಇವೆಲ್ಲ ಪ್ರಮಾಣ ತಪ್ಪಿದರೆ ಜೀವಕ್ಕೇ ಅಪಾಯ ತರುವ, ಅತಿ ಎಚ್ಚರದ ಔಷಧಗಳು. ಇವುಗಳ ಪ್ರಮಾಣ, ಪಂಪಿನ ವೇಗ, ರೋಗಿಯ ಗುರುತನ್ನು ಇಬ್ಬರು ನರ್ಸ್‌ಗಳು ಬೇರೆಬೇರೆಯಾಗಿ ಪರೀಕ್ಷಿಸುವ ಪದ್ಧತಿ ಇರುವುದು ಒಬ್ಬರ ಕಣ್ಣು ತಪ್ಪಬಹುದು ಎಂದೇ. ರಾತ್ರಿ ಮೂರು ಗಂಟೆಗೆ ಪಂಪಿನ ಅಲಾರಂ ಬಡಿಯುತ್ತಿದೆ, ಸಿರಿಂಜ್ ಮುಗಿಯುತ್ತಾ ಬಂದಿದೆ, ರಕ್ತದೊತ್ತಡ ಇಳಿಯುತ್ತಿದೆ, ನೀವು ಕರೆದರೂ ಪಕ್ಕದ ಬೆಡ್‌ನವರು ತಲೆ ಎತ್ತುವುದಿಲ್ಲ ಎಂದರೆ ಅಲ್ಲಿ ಅಪಾಯದಲ್ಲಿರುವುದು ನಿಮ್ಮ ಮನಸ್ಸಷ್ಟೇ ಅಲ್ಲ, ಆ ಹಾಸಿಗೆಯಲ್ಲಿರುವ ಜೀವವೂ ಹೌದು. 2015ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ನಿಯತಕಾಲಿಕೆಯಲ್ಲಿ ಇಸ್ರೇಲಿನ ಒಂದು ಪ್ರಯೋಗದ ವರದಿ ಬಂತು. ನವಜಾತ ಶಿಶುಗಳ ಐಸಿಯುವಿನಲ್ಲಿ ಕೆಲಸ ಮಾಡುವ 24 ತಂಡಗಳಿಗೆ ಅಣಕು ತುರ್ತುಸ್ಥಿತಿ ಕೊಟ್ಟು, ಕೆಲವು ತಂಡಗಳ ಮುಂದೆ ಮಾತ್ರ ಹೊರಗಿನ ತಜ್ಞರೊಬ್ಬರು ಒರಟಾಗಿ ಮಾತನಾಡುವಂತೆ ಮಾಡಿದ್ದರು. ಆ ತಂಡಗಳು ರೋಗ ಗುರುತಿಸುವುದರಲ್ಲೂ ಕೈಕೆಲಸದಲ್ಲೂ ಹಿಂದೆ ಬಿದ್ದವು. ಮುಖ್ಯ ಕಾರಣ, ಒರಟು ಮಾತು ಕೇಳಿದವರು ಪರಸ್ಪರ ಸಹಾಯ ಕೇಳುವುದನ್ನೂ ಮಾಹಿತಿ ಹಂಚಿಕೊಳ್ಳುವುದನ್ನೂ ಕಡಿಮೆ ಮಾಡಿದ್ದರು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2008ರಲ್ಲೇ ಸಿಬ್ಬಂದಿಯನ್ನು ಹೆದರಿಸುವ ನಡವಳಿಕೆಯನ್ನು ರೋಗಿಯ ಸುರಕ್ಷತೆಯ ಪ್ರಶ್ನೆಯಾಗಿ ಕಂಡು ಎಚ್ಚರಿಕೆ ಹೊರಡಿಸಿತ್ತು.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿಯೂ, ಆಮೇಲೆ ಆಂತರಿಕ ವಿಚಾರಣೆಗಳಲ್ಲಿ ಕುಳಿತೂ ನಾನು ಕಂಡದ್ದು ಇದು: "ನನಗೆ ಅವಮಾನವಾಯಿತು" ಎಂದು ಶುರುವಾಗುವ ದೂರು ಸುಲಭವಾಗಿ ರಾಜಿಯಲ್ಲಿ ಮುಚ್ಚಿಹೋಗುತ್ತದೆ. "ಈ ದಿನ, ಈ ಪಾಳಿಯಲ್ಲಿ, ಈ ಔಷಧಕ್ಕೆ ಎರಡನೆಯ ಪರೀಕ್ಷೆ ಸಿಗಲಿಲ್ಲ" ಎಂದು ಶುರುವಾಗುವ ದೂರನ್ನು ಯಾವ ಆಸ್ಪತ್ರೆಯೂ ಹಾಗೆ ಬದಿಗಿಡಲಾರದು. ನಿಮ್ಮ ನೋವು ಸಣ್ಣದು ಎಂದು ನಾನು ಹೇಳುತ್ತಿಲ್ಲ. ಆ ನೋವಿಗೆ ನ್ಯಾಯ ಸಿಗುವ ದಾರಿ ರೋಗಿಯ ಹಾಸಿಗೆಯ ಪಕ್ಕದಿಂದಲೇ ಹಾದುಹೋಗುತ್ತದೆ.

ಇದು ಯಾಕೆ ಹೀಗಾಗುತ್ತದೆ? ಇನ್‌ಚಾರ್ಜ್ ಕೆಟ್ಟವರು ಎಂದು ಹೇಳಿ ಮುಗಿಸಿದರೆ ಏನೂ ಬದಲಾಗುವುದಿಲ್ಲ. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಎಂಬುದು ಒಪ್ಪಿತ ಅಳತೆ. ಅದು ಪಾಲನೆಯಾಗದ ಐಸಿಯುವಿನಲ್ಲಿ ಇನ್‌ಚಾರ್ಜ್ ಮೇಲೂ ಒತ್ತಡವಿರುತ್ತದೆ. ರೋಸ್ಟರ್ ತುಂಬಿಸಬೇಕು, ಡಾಕ್ಟರ್ ಕೂಗಾಡಿದರೆ ಕೇಳಿಸಿಕೊಳ್ಳಬೇಕು, ಬಿಲ್ಲಿಂಗ್‌ನವರಿಗೂ ಉತ್ತರ ಕೊಡಬೇಕು. ಚೆನ್ನಾಗಿ ಕೆಲಸ ಮಾಡುತ್ತಿದ್ದ ಸ್ಟಾಫ್ ನರ್ಸ್ ಒಬ್ಬರನ್ನು ಹಿರಿತನ ನೋಡಿ ಒಂದು ಬೆಳಗ್ಗೆ ಇನ್‌ಚಾರ್ಜ್ ಮಾಡಿಬಿಡುತ್ತಾರೆ. ಹತ್ತಾರು ಜನರನ್ನು ನಡೆಸಿಕೊಂಡು ಹೋಗುವುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಅವರಿಗೆ ಗೊತ್ತಿರುವುದು ತಮ್ಮನ್ನು ನಡೆಸಿಕೊಂಡ ರೀತಿ ಮಾತ್ರ. "ನಾವೂ ಬೈಸಿಕೊಂಡೇ ಕಲಿತದ್ದು" ಎಂಬ ಮಾತನ್ನು ವಿಚಾರಣೆಗಳಲ್ಲಿ ನಾನು ಕೇಳಿದಷ್ಟು ಬೇರಾವ ಸಮರ್ಥನೆಯನ್ನೂ ಕೇಳಿಲ್ಲ. ಇದಕ್ಕೆ ನಮ್ಮ ಊರಿನ ಇನ್ನೊಂದು ಸಂಗತಿಯೂ ಸೇರುತ್ತದೆ. ಬೆಂಗಳೂರಿನ ಒಂದೇ ಐಸಿಯುವಿನಲ್ಲಿ ಕೇರಳದವರು, ಈಶಾನ್ಯದವರು, ಉತ್ತರ ಕರ್ನಾಟಕದವರು, ಹಳೆ ಮೈಸೂರಿನವರು ಇರುತ್ತಾರೆ. ಭಾಷೆಯ ಗುಂಪುಗಳಾಗುತ್ತವೆ. ಡ್ಯೂಟಿ ಮುಗಿದರೂ ಒಂದೇ ಹಾಸ್ಟೆಲು, ಒಂದೇ ಆಸ್ಪತ್ರೆ ಬಸ್ಸು. ದೂರು ಕೊಟ್ಟವಳು ಊಟದ ಮೇಜಿನಲ್ಲೂ ಒಂಟಿಯಾಗುತ್ತಾಳೆ. ಸಹೋದ್ಯೋಗಿಗಳ ಮೌನಕ್ಕೆ ಇದೂ ಒಂದು ಕಾರಣ. ಅವರ ಮೇಲೆ ತೀರಾ ಸಿಟ್ಟಾಗಬೇಡಿ.

ಈಗ ಕೌನ್ಸಿಲ್ ವಿಷಯ. ಕಿರುಕುಳ ಕೊಡುವುದು ನರ್ಸ್‌ಗಳ ವೃತ್ತಿಧರ್ಮಕ್ಕೆ ವಿರುದ್ಧವೇ ಎಂದರೆ, ಖಂಡಿತ ವಿರುದ್ಧ. ಭಾರತೀಯ ನರ್ಸಿಂಗ್ ಕೌನ್ಸಿಲ್ 2006ರಲ್ಲಿ ಪ್ರಕಟಿಸಿದ ನೀತಿ ಮತ್ತು ವೃತ್ತಿ ನಡವಳಿಕೆಯ ಸಂಹಿತೆಯನ್ನು ತೆಗೆದು ನೋಡಿ. ಆರೋಗ್ಯ ತಂಡದ ಸದಸ್ಯರೊಂದಿಗೆ ಸಾಮರಸ್ಯದಿಂದ ಕೆಲಸ ಮಾಡುವುದು ನರ್ಸ್‌ನ ಬಾಧ್ಯತೆ ಎಂದು ಅದರಲ್ಲಿದೆ. ತಂಡದವರ ಘನತೆಯನ್ನು ಎತ್ತಿಹಿಡಿಯಬೇಕು ಎಂದೂ ಇದೆ. ಆಡಳಿತದ ಹೊಣೆ ಹೊತ್ತವರು ಕೆಲಸಕ್ಕೆ ಪೂರಕವಾದ ವಾತಾವರಣ ಕಲ್ಪಿಸಬೇಕು ಎಂಬ ಮಾತೂ ಇದೆ. ನಿಮ್ಮ ದೂರಿನಲ್ಲಿ ಈ ಅಂಶಗಳನ್ನು ಹೆಸರಿಸಿಯೇ ಬರೆಯಬಹುದು. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಸ್ಥಾನಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ತಂದಿದೆ. ಅದರಲ್ಲಿ ನೀತಿ ಮತ್ತು ನೋಂದಣಿಗೆಂದೇ ಪ್ರತ್ಯೇಕ ಮಂಡಳಿಯಿದೆ. ರಾಜ್ಯ ಮಟ್ಟದ ಆಯೋಗಗಳು ವೃತ್ತಿಯ ದುರ್ನಡತೆಯ ದೂರುಗಳನ್ನು ವಿಚಾರಿಸಬೇಕು. ನಿಮ್ಮ ಮಟ್ಟಿಗೆ ಲೆಕ್ಕ ಸರಳ: ನಿಮ್ಮ ರಿಜಿಸ್ಟರ್ ಯಾರ ಕೈಯಲ್ಲಿದೆಯೋ ಅವರಿಗೇ ದೂರು.

ಆದರೆ ಅದು ಮೊದಲು ತಟ್ಟುವ ಬಾಗಿಲಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ವೃತ್ತಿ ಮಂಡಳಿಯ ಕೆಲಸ ರಿಜಿಸ್ಟರನ್ನು ಕಾಯುವುದು, ಅಂದರೆ ಈ ವ್ಯಕ್ತಿ ನರ್ಸ್ ಆಗಿ ಮುಂದುವರಿದರೆ ಜನರಿಗೆ ಅಪಾಯವಿದೆಯೇ ಎಂದು ನೋಡುವುದು. ನಿಮ್ಮ ನೈಟ್ ಡ್ಯೂಟಿಯನ್ನು ಅದು ಬದಲಿಸಲಾರದು, ನಾಳೆಯ ಓವರ್ ಸಮಯದಲ್ಲಿ ನಿಮ್ಮ ಪಕ್ಕ ನಿಲ್ಲಲಾರದು. ಅದು ಆಸ್ಪತ್ರೆಯ ದಾಖಲೆಗಳನ್ನು ಕೇಳುತ್ತದೆ. ಆಸ್ಪತ್ರೆಯಲ್ಲಿ ನೀವು ಲಿಖಿತವಾಗಿ ಏನೂ ಕೊಟ್ಟಿರದಿದ್ದರೆ ಕೇಳುವುದಕ್ಕೆ ದಾಖಲೆಯೇ ಇರುವುದಿಲ್ಲ. "ಲೈಸೆನ್ಸ್ ತೆಗೆಸುವುದು" ಎಂಬುದನ್ನೇ ಗುರಿಯಾಗಿ ಇಟ್ಟುಕೊಂಡರೆ ನಿಮಗೆ ನಿರಾಶೆಯಾಗುವ ಸಾಧ್ಯತೆಯೇ ಹೆಚ್ಚು. ನೀವು ಹೋಗಬಯಸುವ ದೇಶಗಳಲ್ಲಿ ವ್ಯವಸ್ಥೆ ಹೇಗಿದೆ ನೋಡಿ. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಸಹೋದ್ಯೋಗಿಗಳ ಮೇಲಿನ ಕಿರುಕುಳವನ್ನು ಗಂಭೀರ ದುರ್ನಡತೆಯಾಗಿ ನೋಡುತ್ತದೆ. ಅಲ್ಲೂ ಒಂದರಿಂದ 5 ವರ್ಷದವರೆಗಿನ ಎಚ್ಚರಿಕೆ, ಷರತ್ತುಬದ್ಧ ನೋಂದಣಿ, ಒಂದು ವರ್ಷದವರೆಗಿನ ಅಮಾನತು ಎಂಬ ಮೆಟ್ಟಿಲುಗಳಿವೆ. ರಿಜಿಸ್ಟರಿನಿಂದ ಹೆಸರು ಹೊಡೆದುಹಾಕುವುದು ಕೊನೆಯ ಮೆಟ್ಟಿಲು. ತಪ್ಪನ್ನು ಒಪ್ಪಿಕೊಂಡರೇ, ತಿದ್ದಿಕೊಂಡರೇ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಶಿಸ್ತುಕ್ರಮ ಯಾರು ಕೈಗೊಳ್ಳಬೇಕು? ನಿಮ್ಮ ಆಸ್ಪತ್ರೆಯೇ. ಇನ್‌ಚಾರ್ಜ್ ಅವರನ್ನು ಕರೆದು ತಿಳಿಹೇಳುವುದು, ಲಿಖಿತ ಎಚ್ಚರಿಕೆ, ಬಡ್ತಿ ತಡೆ, ಇನ್‌ಚಾರ್ಜ್ ಹೊಣೆಯಿಂದ ಇಳಿಸುವುದು, ಬೇರೆ ವಿಭಾಗಕ್ಕೆ ಹಾಕುವುದು ಎಲ್ಲವೂ ಅದರ ಕೈಯಲ್ಲಿದೆ. ಕೆಲಸದಿಂದ ತೆಗೆಯುವಂಥ ದೊಡ್ಡ ಶಿಕ್ಷೆಗೆ ಆರೋಪ ಪಟ್ಟಿ ಕೊಟ್ಟು, ವಿಚಾರಣಾಧಿಕಾರಿಯನ್ನು ನೇಮಿಸಿ, ಇನ್‌ಚಾರ್ಜ್‌ಗೂ ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶ ಕೊಡಬೇಕು. ಈ ನ್ಯಾಯ ಅವರಿಗೂ ಸಿಗಬೇಕು. ಅದು ಸಿಗದೆ ಹೊರಬಿದ್ದ ಆದೇಶ ಲೇಬರ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಆಗ ನಿಮ್ಮ ಶ್ರಮವೂ ವ್ಯರ್ಥ. ಇದನ್ನು ಓದುತ್ತಿರುವ ಸರ್ಕಾರಿ ಆಸ್ಪತ್ರೆಯ ಶುಶ್ರೂಷಾಧಿಕಾರಿಗಳಿಗೆ ಒಂದು ಮಾತು: ನಿಮಗೆ ಅನ್ವಯವಾಗುವುದು ಕರ್ನಾಟಕ ನಾಗರಿಕ ಸೇವಾ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು. ದಾರಿ ಬೇರೆ, ತತ್ವ ಒಂದೇ.

ನೀವು ಮಾಡಬೇಕಾದ ಮೊದಲ ಕೆಲಸ ಆ ಎರಡನೆಯ ಮೆಮೊಗೆ ಉತ್ತರ ಕೊಡುವುದು. ಉತ್ತರಿಸದ ಮೆಮೊ ಒಪ್ಪಿಕೊಂಡ ಮೆಮೊ ಎಂದು ಮುಂದೆ ವಾದಿಸುತ್ತಾರೆ. ಇನ್‌ಚಾರ್ಜ್ ಹೇಗೆ ನಡೆದುಕೊಂಡರು ಎಂಬ ಕಥೆಯನ್ನು ಅದರಲ್ಲಿ ಸೇರಿಸಬೇಡಿ. ಮೆಮೊದಲ್ಲಿ ಏನು ಕೇಳಿದ್ದಾರೋ ಅದಕ್ಕೆ ಮಾತ್ರ ನಡೆದದ್ದನ್ನು ಕ್ರಮವಾಗಿ ಬರೆಯಿರಿ. ನಿಮ್ಮಿಂದ ತಪ್ಪಾಗಿದ್ದರೆ ಆ ಭಾಗವನ್ನು ನೇರವಾಗಿ ಒಪ್ಪಿಕೊಳ್ಳಿ. ಒಂದು ಪ್ರತಿಗೆ ಸ್ವೀಕೃತಿಯ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸಹಿ ಕೊಡಲು ನಿರಾಕರಿಸಿದರೆ ಅದೇ ದಿನ ಇಮೇಲ್ ಮಾಡಿ.

ಇದರ ಜೊತೆಗೇ ಒಂದು ನೋಟ್‌ಬುಕ್ ಇಡಿ. ಸಂಜೆ ಸಿಟ್ಟಿನಲ್ಲಿ ಬರೆಯುವ ದಿನಚರಿ ಆಗಬಾರದು. ಇಂತಿಷ್ಟು ಸಾಕು: ದಿನಾಂಕ, ರಾತ್ರಿ 8ರ ಓವರ್, ಯಾವ ಬೆಡ್, ನಾನು ನೋರಾಡ್ರಿನಾಲಿನ್ ವೇಗ ಖಚಿತಪಡಿಸಲು ಕೇಳಿದೆ, ಸಿಸ್ಟರ್ ಹೀಗೆಂದರು (ಅವರ ಮಾತು ಇದ್ದ ಹಾಗೆಯೇ), ಹಾಜರಿದ್ದವರು ಇಂಥವರು, ಎರಡನೆಯ ಪರೀಕ್ಷೆಯನ್ನು ಕೊನೆಗೆ ಡ್ಯೂಟಿ ಡಾಕ್ಟರ್ ಮಾಡಿದರು. ರೋಗಿಯ ಹೆಸರು ಬರೆಯಬೇಡಿ, ಕೇಸ್‌ಶೀಟಿನ ಫೋಟೊ ತೆಗೆಯಬೇಡಿ. ಸಾಕ್ಷಿ ಸಂಗ್ರಹಿಸುವ ಉತ್ಸಾಹದಲ್ಲಿ ರೋಗಿಯ ಗೋಪ್ಯತೆ ಮುರಿದು, ದೂರು ಕೊಟ್ಟವರೇ ಶಿಸ್ತುಕ್ರಮಕ್ಕೆ ಸಿಕ್ಕಿಕೊಂಡದ್ದನ್ನು ನೋಡಿದ್ದೇನೆ. ಡ್ಯೂಟಿ ರೋಸ್ಟರ್ ಮಾತ್ರ ತಿಂಗಳು ತಿಂಗಳು ಉಳಿಸಿಕೊಳ್ಳಿ. ಯಾರಿಗೆ ಎಷ್ಟು ನೈಟ್ ಬಂತು ಎಂಬುದನ್ನು ಯಾವ ಸಾಕ್ಷಿಯ ಮಾತೂ ಇಲ್ಲದೆ ಅದೇ ಹೇಳುತ್ತದೆ. ಎರಡನೆಯ ಪರೀಕ್ಷೆ ಸಿಗದ ಪ್ರತಿ ಸಲವೂ ಆಸ್ಪತ್ರೆಯ ಇನ್ಸಿಡೆಂಟ್ ರಿಪೋರ್ಟ್ (ಲೋಪ, ಅವಘಡ ತಿಳಿಸುವ ನಮೂನೆ) ತುಂಬಿ. ಅದು ಗುಣಮಟ್ಟ ವಿಭಾಗಕ್ಕೆ ಹೋಗುತ್ತದೆ, ಇನ್‌ಚಾರ್ಜ್ ಮೇಜಿನಲ್ಲಿ ಉಳಿದುಬಿಡುವುದಿಲ್ಲ.

ಮೂರು ನಾಲ್ಕು ವಾರಗಳ ದಾಖಲೆ ಕೈಯಲ್ಲಿದ್ದಾಗ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಎರಡು ಪುಟ ಮೀರದ ದೂರು ಕೊಡಿ, ಪ್ರತಿಯನ್ನು ಎಚ್‌ಆರ್‌ಗೆ ಕಳಿಸಿ. ನಿಮಗೆ ಬೇಕಾದದ್ದೇನು ಎಂಬುದನ್ನೂ ಬರೆಯಿರಿ: ವಿಚಾರಣೆ, ನ್ಯಾಯವಾದ ರೋಸ್ಟರ್, ವಿಚಾರಣೆ ಮುಗಿಯುವವರೆಗೆ ಬೇರೆ ಯೂನಿಟ್. ಅಪಾಯವನ್ನೂ ಹೇಳಬೇಕು. ಮೊದಲ ಕೆಲವು ವಾರ ವಾತಾವರಣ ಇನ್ನಷ್ಟು ಬಿಗಿಯಾಗಬಹುದು, ಸಣ್ಣ ಸಣ್ಣ ತಪ್ಪು ಹುಡುಕಬಹುದು. ನಿಮ್ಮ ಚಾರ್ಟಿಂಗ್ ಆ ದಿನಗಳಲ್ಲಿ ಕಲೆ ಇಲ್ಲದಂತಿರಲಿ. ಯೂನಿಟ್ ಬದಲಾವಣೆ ಕೇಳಿದರೆ ಸೋತಂತೆ ಎಂದು ಕೆಲವರು ಹೇಳುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಆದರೆ ಕೇಳುವಾಗ "ವಿಚಾರಣೆ ಮುಗಿಯುವವರೆಗೆ" ಎಂದು ಬರೆಯದಿದ್ದರೆ ನಿಮ್ಮನ್ನು ಸಾಗಹಾಕಿ ಕಡತ ಮುಚ್ಚುತ್ತಾರೆ.

ಅಲ್ಲಿ ಉತ್ತರ ಬಾರದಿದ್ದರೆ ಕುಂದುಕೊರತೆ ನಿವಾರಣಾ ಸಮಿತಿ ಇದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಅದು ಇರಬೇಕೆಂದು ಹಳೆಯ ಕೈಗಾರಿಕಾ ವಿವಾದ ಕಾಯ್ದೆಯೂ ಹೇಳಿತ್ತು, ಹೊಸ ಕೈಗಾರಿಕಾ ಸಂಬಂಧ ಸಂಹಿತೆಯೂ ಹೇಳುತ್ತದೆ. ಸಮಿತಿಯೇ ಇಲ್ಲವೆಂದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿಗಳನ್ನು ಕಾಣಬಹುದು. ಇಷ್ಟಾದ ಮೇಲೂ ರೋಗಿಗಳ ಸುರಕ್ಷತೆಗೆ ಧಕ್ಕೆ ತರುವ ನಡವಳಿಕೆ ನಿಲ್ಲದಿದ್ದರೆ ಕೌನ್ಸಿಲ್‌ಗೆ ಹೋಗಿ. ಆಗ ನಿಮ್ಮ ಕೈಯಲ್ಲಿ ಅವರು ಓದಲೇಬೇಕಾದ ಕಡತವಿರುತ್ತದೆ.

ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆ ಕಾಯ್ದೆಯ (ಪಾಶ್) ಸಮಿತಿಗೆ ಹೋಗು ಎಂದು ಸ್ನೇಹಿತರು ಹೇಳಿರಬಹುದು. 2013ರ ಆ ಕಾಯ್ದೆ ಲೈಂಗಿಕ ಸ್ವರೂಪದ ಕಿರುಕುಳಕ್ಕೆ ಮಾತ್ರ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಇದ್ದರೆ ಮಾತ್ರ ತಡಮಾಡಬೇಡಿ, ಏಕೆಂದರೆ ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಜಾತಿಯ ಹೆಸರು ಹಿಡಿದು ನಾಲ್ಕು ಜನರೆದುರು ನಿಂದಿಸಿದ್ದರೆ, ನೀವು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿದ್ದು ಅವರು ಸೇರಿರದಿದ್ದರೆ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸರ ಬಳಿ ಹೋಗಬಹುದು. ಇವೆರಡೂ ಗಂಭೀರ ಕಾನೂನುಗಳು. ನಿಜಕ್ಕೂ ಅಂಥ ಘಟನೆ ನಡೆದಿದ್ದರೆ ಮಾತ್ರ ಅವುಗಳನ್ನು ಬಳಸಿ.

ಕೊನೆಯ ಪ್ರಶ್ನೆ, ಅನುಭವ ಪತ್ರ ಮತ್ತು ವಿದೇಶ. ವಿದೇಶದ ನೋಂದಣಿಗೆ ನಿಮ್ಮ ಹೆಸರಿನ ದೃಢೀಕರಣ ಕೊಡುವುದು ಕೌನ್ಸಿಲ್, ಅಲ್ಲಿ ಇನ್‌ಚಾರ್ಜ್ ಮಾತಿಗೆ ಜಾಗವಿಲ್ಲ. ಅನುಭವ ಪತ್ರ ಕೊಡುವುದು ಎಚ್‌ಆರ್. ಅದರಲ್ಲಿ ಹುದ್ದೆ, ವಿಭಾಗ, ಅವಧಿ ಇದ್ದರೆ ಸಾಕು. ಇನ್‌ಚಾರ್ಜ್ ಕೈಯಲ್ಲಿರುವುದು ಹೊಸ ಉದ್ಯೋಗದಾತರು ಫೋನ್ ಮಾಡಿ ಕೇಳಿದಾಗ ಆಡುವ ಮಾತು ಮಾತ್ರ. ಅದಕ್ಕೆ ಈಗಲೇ ನಿಮ್ಮ ಕೆಲಸ ಕಂಡಿರುವ ಐಸಿಯು ಡಾಕ್ಟರ್ ಅಥವಾ ಹಿಂದಿನ ಇನ್‌ಚಾರ್ಜ್ ಒಬ್ಬರನ್ನು ಕೇಳಿ ಒಪ್ಪಿಸಿಕೊಂಡಿರಿ. ಬಿಡಲೇಬೇಕೆನಿಸಿದರೆ ಸಿಟ್ಟಿನಲ್ಲಿ ಡ್ಯೂಟಿಗೆ ಹೋಗದೆ ನಿಲ್ಲಬೇಡಿ. ಅದು "ಹೇಳದೆ ಕೆಲಸ ಬಿಟ್ಟವರು" ಎಂಬ ದಾಖಲೆಯಾಗಿ, ನಿಮ್ಮ ಬಳಿ ಇರುವ ಒಳ್ಳೆಯ ಸಾಕ್ಷ್ಯವನ್ನೆಲ್ಲ ದುರ್ಬಲಗೊಳಿಸುತ್ತದೆ. ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿ ನೋಡಿ, ರಾಜೀನಾಮೆಗೆ ಸ್ವೀಕೃತಿ ಪಡೆದು, ರಿಲೀವಿಂಗ್ ಆದೇಶ ಕೈಗೆ ಬಂದ ಮೇಲೆ ಹೊರಡಿ. ಸೇರುವಾಗ ಮೂಲ ಸರ್ಟಿಫಿಕೇಟುಗಳನ್ನು ಅವರ ಬಳಿ ಇಟ್ಟಿದ್ದರೆ, ರಾಜೀನಾಮೆಗೆ ಕಾಯದೆ ಇವತ್ತೇ ಲಿಖಿತವಾಗಿ ವಾಪಸ್ ಕೇಳಿ.

ನಿದ್ದೆ ಬರುತ್ತಿಲ್ಲ, ಡ್ಯೂಟಿಗೆ ಹೊರಡುವ ಹೊತ್ತಿಗೆ ಎದೆ ಬಡಿದುಕೊಳ್ಳುತ್ತದೆ ಎಂದಾಗಿದ್ದರೆ ಅದನ್ನೂ ತಡೆದುಕೊಂಡು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರನ್ನು ಕಂಡರೆ ಆ ಚೀಟಿಯನ್ನು ಜೋಪಾನವಾಗಿಡಿ. ರೋಸ್ಟರ್ ಬದಲಿಸಿ ಎಂದು ಕೇಳುವ ನಿಮ್ಮ ಅರ್ಜಿಯ ಜೊತೆ ಅದನ್ನೂ ಲಗತ್ತಿಸಬಹುದು.